ಒಗ್ಗರಣೆ ಡಬ್ಬಿ ಪಕ್ಕದ ಮನೆಯಲ್ಲಿದ್ದರೆ...

ನಮ್ಮ ಮಲೆನಾಡಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೂವತ್ತು ವರ್ಷದಿಂದ ಅಡಿಕೆ ತೋಟದ ಪದಗಳನ್ನು ಕೂಡಿಹಾಕುತ್ತಾ ಬಂದಿದ್ದಾರೆ. ದೋಟಿ, ಹಾಳೆ, ದಬ್ಬೆ, ಚೊಗರು, ಕೊನೆಗೌಡ... ಹೀಗೆ ನೋಟ್‌ಬುಕ್ಕುಗಳ ಮೇಲೆ ನೋಟ್‌ಬುಕ್ಕು. ಅದನ್ನೆಲ್ಲ ಯೂನಿಕೋಡ್‌ನಲ್ಲಿ ಟೈಪಿಸಿ ಒಂದು ವೆಬ್‌ಸೈಟ್ ಮಾಡಿಕೊಟ್ಟವನು ನಾನು. ವರ್ಡ್‌ಪ್ರೆಸ್ ಸೈಟು, ಅಗ್ಗದ ಸರ್ವರ್, ಬಿಡುವಾದಾಗ ರಿಪೇರಿ. ದೊಡ್ಡ ಸಂಗತಿ ಏನಲ್ಲ. ಆದರೆ ಆ ಪದಗಳನ್ನು ಬಾಯಲ್ಲಿ ಆಡುತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಇನ್ನು ಉಳಿಯುವುದಾದರೆ ಆ ಪದಗಳು ಉಳಿಯುವುದು ಅಲ್ಲೇ.

ಸೈಟು ಸ್ವಲ್ಪ ನಿಧಾನವಿತ್ತು. ಹೋಸ್ಟಿಂಗ್ ಕಂಪನಿಯವರನ್ನು (ಹೆಸರು ಬೇಡ ಬಿಡಿ) ಕೇಳಿದೆ. "ಆಬ್ಜೆಕ್ಟ್ ಕ್ಯಾಶ್ ಹಾಕಿ ಸಾರ್, ರಾಕೆಟ್ ಥರ ಓಡುತ್ತೆ" ಅಂದರು. ಇದನ್ನು ಮೇಷ್ಟ್ರಿಗೆ ಹೇಳಿದರೆ, "ಕ್ಯಾಶ್ ಹಾಕ್ಬೇಕಾ? ಎಷ್ಟು ಮಾರಾಯ?" ಅಂತ ಜೇಬಿಗೆ ಕೈಹಾಕಿದರು :) ಆ ಕ್ಯಾಶ್ ಅಲ್ಲ ಮೇಷ್ಟ್ರೇ, ಇದು ಬೇರೆ ಅಂತ ನಗಾಡಿ, ಒಂದು ಭಾನುವಾರ ಕೂತು ಹಾಕಿಯೇಬಿಟ್ಟೆ.

ಸೋಮವಾರ ಬೆಳಿಗ್ಗೆಯೇ ಫೋನು. "ಏನು ಮಾಡಿದ್ಯ ಮಾರಾಯ? ಮೊದಲು ಎರಡು ಸೆಕೆಂಡಿಗೆ ಬರ್ತಿತ್ತು. ಈಗ ಒಂದು ಗುಟುಕು ಕಾಫಿ ಕುಡಿದು ಮುಗಿಸಿದ್ರೂ ಪುಟ ಬರಲ್ಲ!"

ವೇಗ ಹೆಚ್ಚಲಿ ಅಂತ ಹಾಕಿದ್ದು ವೇಗವನ್ನೇ ತಿಂದುಹಾಕಿತ್ತು. ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದವನಿಗೆ ತಿಳಿದದ್ದು, ಇದು ನನ್ನೊಬ್ಬನ ಪಾಡಲ್ಲ, ಕಂಪ್ಯೂಟರ್ ಜಗತ್ತು ಅರುವತ್ತು ವರ್ಷಗಳಿಂದ ಮತ್ತೆ ಮತ್ತೆ ಎಡವುತ್ತಿರುವ ಕಲ್ಲು ಇದು ಅಂತ. ಆ ಕತೆಯನ್ನೇ ಇವತ್ತು ಹೇಳಹೊರಟಿದ್ದೇನೆ. ಕಂಪ್ಯೂಟರ್ ಅಂದರೆ ಮಾರು ದೂರ ಹೋಗುವವರೂ ಓದಬಹುದು, ಅಡುಗೆಮನೆ ಗೊತ್ತಿದ್ದರೆ ಸಾಕು.

ಮೊದಲು ಕ್ಯಾಶ್ ಅಂದರೇನು ನೋಡೋಣ. ಮನೆಯಲ್ಲಿ ಉಗ್ರಾಣ ಇರುತ್ತದೆ, ಸಾಸಿವೆ ಜೀರಿಗೆ ಎಲ್ಲ ಅಲ್ಲಿ ಡಬ್ಬ ಡಬ್ಬ ತುಂಬಿರುತ್ತದೆ. ಆದರೆ ಎಣ್ಣೆ ಕಾದಾಗ ಯಾರೂ ಉಗ್ರಾಣಕ್ಕೆ ಓಡುವುದಿಲ್ಲ. ಒಲೆಯ ಪಕ್ಕದಲ್ಲೇ ಒಂದು ಒಗ್ಗರಣೆ ಡಬ್ಬಿ ಇಟ್ಟುಕೊಂಡಿರುತ್ತಾರೆ. ಇವತ್ತು ಬೇಕಾದ ಸಾಸಿವೆ ನಾಳೆಯೂ ಬೇಕಾಗುತ್ತದೆ ಎಂಬ ಒಂದು ಊಹೆ. ಕ್ಯಾಶ್ ಅಂದರೆ ಇಷ್ಟೇ. ಉಗ್ರಾಣ ಅಂದರೆ ಡೇಟಾಬೇಸ್, ಡಬ್ಬಿ ಅಂದರೆ ಕ್ಯಾಶ್. ಒಮ್ಮೆ ಕಷ್ಟಪಟ್ಟು ತಂದದ್ದನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು.

ಈ ಊಹೆಯನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿಟ್ಟವರು ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್. 1949ರಲ್ಲಿ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರ್ ಕಟ್ಟಿದವರು. 1965ರಲ್ಲಿ ಅವರು ಒಂದು ಪುಟ್ಟ ಲೇಖನ ಪ್ರಕಟಿಸಿದರು. ದೊಡ್ಡದಾದ ನಿಧಾನದ ಮೆಮೊರಿಯ ಮುಂದೆ ಚಿಕ್ಕದಾದ ಚುರುಕು ಮೆಮೊರಿಯೊಂದನ್ನು ಇಟ್ಟರೆ, ಬಳಸಿದ್ದೆಲ್ಲ ತಾನಾಗಿಯೇ ಅಲ್ಲಿ ಬಂದು ಕೂರುತ್ತದೆ, ಮುಂದಿನ ಸಲ ದೂರ ಹೋಗಬೇಕಿಲ್ಲ ಎನ್ನುವುದು ಅದರ ಸಾರ. ಅದಕ್ಕೆ ಅವರು ಇಟ್ಟ ಹೆಸರು ‘ಸ್ಲೇವ್ ಮೆಮೊರಿ’, ಅಂದರೆ ಊಳಿಗದ ನೆನಪು.

ಮೂರೇ ವರ್ಷದಲ್ಲಿ ಅದು ಮಾರುಕಟ್ಟೆಗೆ ಬಂತು. 1968ರ ಐಬಿಎಂ ಸಿಸ್ಟಂ/360 ಮಾಡೆಲ್ 85 ಎಂಬ ಯಂತ್ರದಲ್ಲಿ 16 ಕಿಲೋಬೈಟ್‌ನ ಇಂಥ ಚುರುಕು ಮೆಮೊರಿ ಇತ್ತು, ಬೇಕಾದರೆ 32ಕ್ಕೆ ಏರಿಸಬಹುದಿತ್ತು. ದೊಡ್ಡ ಮೆಮೊರಿ ಒಮ್ಮೆ ಉತ್ತರ ಕೊಡಲು ಸುಮಾರು ಒಂದು ಮೈಕ್ರೋಸೆಕೆಂಡ್ ತೆಗೆದುಕೊಂಡರೆ, ಪ್ರೊಸೆಸರ್‌ನ ಒಂದು ಹೆಜ್ಜೆ 80 ನ್ಯಾನೋಸೆಕೆಂಡ್. ಅಂದರೆ ಒಂದಕ್ಕೆ ಹನ್ನೆರಡರಷ್ಟು ಅಂತರ. ಆ ಅಂತರವನ್ನು ತುಂಬಲು ಈ ಡಬ್ಬಿ. ಐಬಿಎಂನವರು ಇದನ್ನು ‘ಹೈಸ್ಪೀಡ್ ಬಫರ್’ ಅಂತ ಕರೆದು ಲೇಖನ ಬರೆದಿದ್ದರು. ಅವರದೇ ನಿಯತಕಾಲಿಕದ ಸಂಪಾದಕ ಲೈಲ್ ಜಾನ್ಸನ್ ಅವರಿಗೆ ಆ ಹೆಸರು ಸಪ್ಪೆ ಎನಿಸಿತು. ಅವರು ಸೂಚಿಸಿದ ಪದವೇ ‘ಕ್ಯಾಶ್’. ಫ್ರೆಂಚ್‌ನಲ್ಲಿ ಬಚ್ಚಿಡು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಮೇಷ್ಟ್ರು ಜೇಬಿಗೆ ಕೈಹಾಕಿದ್ದಕ್ಕೆ ಮೂಲ ಕಾರಣಕರ್ತರು ಇವರೇ ನೋಡಿ!

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಡಬ್ಬಿ ಇದ್ದದ್ದು ಪ್ರೊಸೆಸರ್‌ನ ಮಗ್ಗುಲಲ್ಲೇ. ಹತ್ತಿರ ಇದ್ದದ್ದರಿಂದಲೇ ಅದಕ್ಕೆ ಬೆಲೆ. ಈ ಮಾತು ಆಮೇಲೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕ್ಯಾಶ್ ಹುಟ್ಟಿದ ವರ್ಷವೇ, ಅಂದರೆ 1968ರಲ್ಲೇ, ಅದರ ಅಣ್ಣತಮ್ಮಂದಿರ ಮನೆಯಲ್ಲಿ ಎಚ್ಚರಿಕೆಯ ಗಂಟೆಯೂ ಬಾರಿಸಿತ್ತು. ಆಗಿನ ಕಂಪ್ಯೂಟರುಗಳಲ್ಲಿ ಮೆಮೊರಿ ಸಾಲದೆ ಪ್ರೋಗ್ರಾಂಗಳ ತುಂಡುಗಳನ್ನು ಡಿಸ್ಕಿನಲ್ಲೋ ಡ್ರಮ್ಮಿನಲ್ಲೋ ಇಟ್ಟು, ಬೇಕಾದಾಗ ಒಳಗೆ ತರುವ ಪದ್ಧತಿ ಇತ್ತು. ಇದೂ ಡಬ್ಬಿ-ಉಗ್ರಾಣದ ಆಟವೇ. ಒಂದಷ್ಟು ಪ್ರೋಗ್ರಾಂಗಳವರೆಗೆ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಇನ್ನೊಂದನ್ನು ಸೇರಿಸಿದ್ದೇ ತಡ, ಇಡೀ ಯಂತ್ರ ಕುಸಿದು ಕೂರುತ್ತಿತ್ತು. ಪೀಟರ್ ಡೆನ್ನಿಂಗ್ ಎಂಬುವರು ಕಾರಣ ಬಿಡಿಸಿ ಹೇಳಿದರು. ಪ್ರತಿ ಪ್ರೋಗ್ರಾಂಗೂ ಆ ಹೊತ್ತಿಗೆ ಬೇಕೇಬೇಕಾದ ತುಂಡುಗಳ ಒಂದು ಗುಂಪು ಇರುತ್ತದೆ. ಅದಕ್ಕೆ ‘ವರ್ಕಿಂಗ್ ಸೆಟ್’ ಎಂದರು. ಆ ಗುಂಪು ಪೂರ್ತಿ ಹಿಡಿಸಿದರೆ ಸುಖ. ಚೂರು ಕಡಿಮೆಯಾದರೂ, ಒಂದನ್ನು ತರಲು ಇನ್ನೊಂದನ್ನು ಹೊರಗಟ್ಟಬೇಕು, ಹೊರಗಟ್ಟಿದ್ದೇ ಮರುಕ್ಷಣ ಬೇಕಾಗುತ್ತದೆ. ಯಂತ್ರ ತನ್ನ ಹೊತ್ತನ್ನೆಲ್ಲ ತರುವುದು-ಒಯ್ಯುವುದರಲ್ಲೇ ಕಳೆಯುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಈ ಒದ್ದಾಟಕ್ಕೆ ‘ಥ್ರ್ಯಾಶಿಂಗ್’ ಎಂಬ ಹೆಸರು ಇವತ್ತಿಗೂ ಇದೆ.

"ಹಾಗಾದರೆ ದೊಡ್ಡ ಡಬ್ಬಿ ತಂದರಾಯಿತಲ್ಲ?" ಅಂತ ಕೇಳಬಹುದು. 1969ರಲ್ಲಿ ಬೆಲಾಡಿ, ನೆಲ್ಸನ್, ಶೆಡ್ಲರ್ ಎಂಬ ಮೂವರು ಇದಕ್ಕೂ ನೀರೆರಚಿದರು. ಅವರ ಲೆಕ್ಕವನ್ನು ಅಡುಗೆಮನೆಗೆ ತಂದು ಹೇಳುತ್ತೇನೆ. ಮೂರು ಬಟ್ಟಲಿನ ಡಬ್ಬಿ ಇದೆ ಅಂದುಕೊಳ್ಳಿ. ಜಾಗ ತುಂಬಿದರೆ ಎಲ್ಲಕ್ಕಿಂತ ಮೊದಲು ಬಂದದ್ದನ್ನು ಹೊರಹಾಕುವುದು ನಿಯಮ. ಸಾಮಾನು ಬೇಕಾಗುವ ಕ್ರಮ ಹೀಗಿದೆ: ಸಾಸಿವೆ, ಜೀರಿಗೆ, ಮೆಂತ್ಯ, ಇಂಗು, ಸಾಸಿವೆ, ಜೀರಿಗೆ, ಅರಿಶಿನ, ಸಾಸಿವೆ, ಜೀರಿಗೆ, ಮೆಂತ್ಯ, ಇಂಗು, ಅರಿಶಿನ. ಒಟ್ಟು 12 ಸಲ. ಎಷ್ಟು ಸಲ ಉಗ್ರಾಣಕ್ಕೆ ಹೋಗಬೇಕಾಯಿತು? 9 ಸಲ. ಈಗ ನಾಲ್ಕು ಬಟ್ಟಲಿನ ಡಬ್ಬಿ ತನ್ನಿ. ಅದೇ ನಿಯಮ, ಅದೇ ಕ್ರಮ. ಈಗ 10 ಸಲ! ನಂಬಿಕೆ ಬಾರದಿದ್ದರೆ ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ ನೋಡಿ, ನಾನೂ ಹಾಗೇ ಮಾಡಿದೆ. ಡಬ್ಬಿ ದೊಡ್ಡದಾಯಿತು, ಓಡಾಟ ಹೆಚ್ಚಾಯಿತು. ಇದಕ್ಕೆ ‘ಬೆಲಾಡಿಯ ಅಸಂಗತಿ’ ಎನ್ನುತ್ತಾರೆ. ಎಲ್ಲ ನಿಯಮಗಳಲ್ಲೂ ಹೀಗಾಗುವುದಿಲ್ಲ. ಬಹಳ ಹೊತ್ತಿನಿಂದ ಮುಟ್ಟದೇ ಇದ್ದದ್ದನ್ನು ಹೊರಹಾಕುವ ನಿಯಮದಲ್ಲಿ ಡಬ್ಬಿ ದೊಡ್ಡದಾದಷ್ಟೂ ಓಡಾಟ ಹೆಚ್ಚಾಗಲಾರದು. ಆದರೆ ಪಾಠವಂತೂ ಗಟ್ಟಿ. ಏನನ್ನು ಇಡುತ್ತೀರಿ, ಏನನ್ನು ಬಿಡುತ್ತೀರಿ ಎನ್ನುವುದು ಡಬ್ಬಿಯ ಗಾತ್ರದಷ್ಟೇ ಮುಖ್ಯ.

ಇಷ್ಟೆಲ್ಲ ಯಂತ್ರದ ಹೊಟ್ಟೆಯೊಳಗಿನ ಮಾತಾಯಿತು. ವೆಬ್‌ಸೈಟಿಗೆ ಈ ಡಬ್ಬಿ ಬಂದದ್ದು ಯಾವಾಗ?

ಅಮೆರಿಕದ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಹುಡುಗ 1999ರಲ್ಲಿ ಲೈವ್‌ಜರ್ನಲ್ ಎಂಬ ದಿನಚರಿಯ ತಾಣ ಶುರು ಮಾಡಿದ. ಗೆಳೆಯರಿಗೆ ಸುದ್ದಿ ಮುಟ್ಟಿಸಲು ಆರಂಭವಾದದ್ದು ಲಕ್ಷಾಂತರ ಜನರ ತಾಣವಾಯಿತು. ಪ್ರತಿ ಪುಟಕ್ಕೂ ಡೇಟಾಬೇಸನ್ನು ಹತ್ತಾರು ಸಲ ಕೇಳಿ ಕೇಳಿ ಡೇಟಾಬೇಸ್ ಬಸವಳಿಯಿತು. 2003ರಲ್ಲಿ ಆತ ಮೆಮ್‌ಕ್ಯಾಶ್ಡ್ ಎಂಬ ಪುಟ್ಟ ತಂತ್ರಾಂಶ ಬರೆದ. ಮೊದಲು ಪರ್ಲ್ ಭಾಷೆಯಲ್ಲಿ. ಆಮೇಲೆ ಅನಾಟೊಲಿ ವೊರೊಬೆ ಎಂಬುವರು ಅದನ್ನು ಸಿ ಭಾಷೆಗೆ ತಂದರು. ಬೇರೆ ಬೇರೆ ಸರ್ವರ್‌ಗಳಲ್ಲಿ ಸುಮ್ಮನೆ ಬಿದ್ದಿದ್ದ ಮೆಮೊರಿಯನ್ನೆಲ್ಲ ಒಟ್ಟು ಸೇರಿಸಿ ಒಂದು ದೊಡ್ಡ ಒಗ್ಗರಣೆ ಡಬ್ಬಿ ಮಾಡುವ ಉಪಾಯ ಅದು. 2004ರಲ್ಲಿ ಆತನೇ ಬರೆದ ಪ್ರಕಾರ 10 ಯಂತ್ರಗಳಲ್ಲಿ ಹರಡಿದ್ದ 30 ಗಿಗಾಬೈಟ್ ಡಬ್ಬಿಯಲ್ಲಿ ನೂರಕ್ಕೆ 92 ಸಲ ಕೇಳಿದ್ದು ಸಿಗುತ್ತಿತ್ತು. ಉಗ್ರಾಣಕ್ಕೆ ಹೋಗಬೇಕಾದದ್ದು ಎಂಟೇ ಸಲ. ಮುಂದೆ 2009ರಲ್ಲಿ ಇಟಲಿಯ ಸಿಸಿಲಿಯ ಸಾಲ್ವತೋರೆ ಸನ್‌ಫಿಲಿಪ್ಪೊ ರೆಡಿಸ್ ತಂದರು. ಆತನದೂ ಇದೇ ಗೋಳು, ವೆಬ್‌ಸೈಟಿಗೆ ಬರುವವರ ಲೆಕ್ಕ ಇಡುವ ಆತನ ತಾಣಕ್ಕೆ ಮೈಎಸ್‌ಕ್ಯೂಎಲ್ ಸಾಲದೇ ಹೋಗಿತ್ತು.

ವರ್ಡ್‌ಪ್ರೆಸ್ ಕತೆ ಇನ್ನೂ ಸ್ವಾರಸ್ಯ. 2005ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಲ್ಲೇ ಆಬ್ಜೆಕ್ಟ್ ಕ್ಯಾಶ್ ಇತ್ತು. ಆದರೆ ಅದು ಉಳಿಸಿಡುತ್ತಿದ್ದದ್ದು ಮೆಮೊರಿಯಲ್ಲಲ್ಲ, ಡಿಸ್ಕಿನ ಫೈಲುಗಳಲ್ಲಿ! ನೂರಾರು ಸೈಟುಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳುವ ಅಗ್ಗದ ಸರ್ವರುಗಳಲ್ಲಿ ಫೈಲು ಹುಡುಕಿ ತೆರೆಯುವುದಕ್ಕಿಂತ ಡೇಟಾಬೇಸನ್ನೇ ಕೇಳುವುದು ಎಷ್ಟೋ ವೇಳೆ ವಾಸಿ. ಕೊನೆಗೆ 2008ರ 2.5 ಆವೃತ್ತಿಯಲ್ಲಿ ಆ ಫೈಲು ಡಬ್ಬಿಯನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ವರ್ಡ್‌ಪ್ರೆಸ್‌ನ ಸ್ವಂತ ಕ್ಯಾಶ್ ಒಂದು ಪುಟ ತಯಾರಾಗುವಷ್ಟು ಹೊತ್ತು ಮಾತ್ರ ಬದುಕುತ್ತದೆ. ಮುಂದಿನ ಪುಟಕ್ಕೂ ಉಳಿಯಬೇಕೆಂದರೆ ಮೆಮ್‌ಕ್ಯಾಶ್ಡ್ ಅಥವಾ ರೆಡಿಸ್ ನಾವೇ ಜೋಡಿಸಿಕೊಳ್ಳಬೇಕು. ನಾನು ಆ ಭಾನುವಾರ ಮಾಡಿದ್ದು ಅದನ್ನೇ.

ಈಗ ನನ್ನ ಎಡವಟ್ಟಿಗೆ ಬರೋಣ. ಎರಡು ತಪ್ಪುಗಳಾಗಿದ್ದವು.

ಒಂದನೆಯದು ದೂರ. ಕಂಪನಿಯವರು ಕೊಟ್ಟಿದ್ದ ಮೆಮ್‌ಕ್ಯಾಶ್ಡ್ ನಮ್ಮ ಸರ್ವರ್‌ನಲ್ಲಿ ಇರಲಿಲ್ಲ, ಬೇರೆ ಊರಿನ ಬೇರೆ ಯಂತ್ರದಲ್ಲಿತ್ತು. ಒಂದು ಸಲ ಕೇಳಿ ಉತ್ತರ ಪಡೆಯಲು 10 ಮಿಲಿಸೆಕೆಂಡ್ ಅಂದುಕೊಳ್ಳಿ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ, ಏನು ಮಹಾ ಅನ್ನಿಸುತ್ತದೆ. ಆದರೆ ಪ್ಲಗಿನ್‌ಗಳು ತುಂಬಿದ ವರ್ಡ್‌ಪ್ರೆಸ್ ಒಂದು ಪುಟ ಕಟ್ಟಲು ಕ್ಯಾಶನ್ನು ಮುನ್ನೂರು ಸಲ ಕೇಳಿದರೆ, ಅದೂ ಒಂದಾದ ಮೇಲೊಂದು, 3 ಸೆಕೆಂಡ್ ಬರೀ ಓಡಾಟಕ್ಕೇ ಹೋಯಿತು. ನಮ್ಮ ಡೇಟಾಬೇಸ್ ಅದೇ ಯಂತ್ರದಲ್ಲಿತ್ತು, ಒಂದು ಮಿಲಿಸೆಕೆಂಡೂ ಬೇಡದೆ ಉತ್ತರ ಕೊಡುತ್ತಿತ್ತು. ಉಗ್ರಾಣ ಮನೆಯಲ್ಲೇ ಇದೆ, ಒಗ್ಗರಣೆ ಡಬ್ಬಿ ಪಕ್ಕದ ಮನೆಯಲ್ಲಿ! ವಿಲ್ಕ್ಸ್ ಅವರ ಊಳಿಗದ ನೆನಪಿಗೆ ಬೆಲೆ ಬಂದದ್ದು ಅದು ಮಗ್ಗುಲಲ್ಲಿ ಇದ್ದದ್ದರಿಂದ ಅಂತ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಎರಡನೆಯದು ಗಾತ್ರ. ವರ್ಡ್‌ಪ್ರೆಸ್ ತನ್ನ ಸೆಟ್ಟಿಂಗುಗಳಲ್ಲಿ ಪ್ರತಿ ಪುಟಕ್ಕೂ ಬೇಕಾಗುವಂಥವನ್ನು ಒಟ್ಟಿಗೆ ಗಂಟುಕಟ್ಟಿ ಒಂದೇ ಹೆಸರಿನಲ್ಲಿ ಕ್ಯಾಶ್‌ನಲ್ಲಿ ಇಡುತ್ತದೆ. ನಮ್ಮ ಸೈಟಿನ ಹಳೆಯ ಪದಸೂಚಿ ಪ್ಲಗಿನ್ ಒಂದು, ಮೇಷ್ಟ್ರ ಪದಗಳ ಇಡೀ ಪಟ್ಟಿಯನ್ನೇ ಸೆಟ್ಟಿಂಗು ಅಂತ ಆ ಗಂಟಿನೊಳಗೆ ತುರುಕಿತ್ತು. ಇಲ್ಲಿ ಕನ್ನಡದ್ದೇ ಒಂದು ವಿಶೇಷ ಬರುತ್ತದೆ. ಇಂಟರ್ನೆಟ್ಟಿನಲ್ಲಿ ನಡೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್. ‘ಕನ್ನಡ’ ಎಂದು ಬರೆಯಲು ಕ, ನ, ಹಲಂತದ ಗುರುತು, ನ, ಡ ಅಂತ ಐದು ಚಿಹ್ನೆ, 15 ಬೈಟ್. ಹಾಗಾಗಿ ನೋಡಲು ಪುಟ್ಟ ಪಟ್ಟಿ, ತೂಕಕ್ಕೆ ದೊಡ್ಡ ಮೂಟೆ. ಇತ್ತ ಮೆಮ್‌ಕ್ಯಾಶ್ಡ್, ನಾವು ಬದಲಿಸದಿದ್ದರೆ, ಒಂದು ಮೆಗಾಬೈಟಿಗಿಂತ ದೊಡ್ಡ ಗಂಟನ್ನು ಒಳಗೆ ಸೇರಿಸುವುದಿಲ್ಲ. ಗಂಟನ್ನು ಹಿಂಡಿ ಚಿಕ್ಕದು ಮಾಡುವ ಸೌಲಭ್ಯ ನನ್ನ ಜೋಡಣೆಯಲ್ಲಿ ಚಾಲೂ ಇರಲಿಲ್ಲ.

ಆಗುತ್ತಿದ್ದದ್ದು ಇಷ್ಟು. ಯಾರೋ ‘ದೋಟಿ’ ಅಂದರೇನು ಅಂತ ಪುಟ ತೆರೆಯುತ್ತಾರೆ. ವರ್ಡ್‌ಪ್ರೆಸ್ ದೂರದ ಡಬ್ಬಿಯನ್ನು ಕೇಳುತ್ತದೆ, "ಇಲ್ಲ" ಎನ್ನುವ ಉತ್ತರ. ಡೇಟಾಬೇಸ್‌ನಿಂದ ಎಲ್ಲ ತಂದು ಗಂಟು ಕಟ್ಟುತ್ತದೆ. ಆ ಮೂಟೆಯನ್ನು ದೂರದ ಯಂತ್ರಕ್ಕೆ ಹೊತ್ತು ಹಾಕುತ್ತದೆ. ಅಲ್ಲಿ "ಹಿಡಿಸಲ್ಲ" ಅಂತ ಬಿಸಾಡುತ್ತಾರೆ. ಮುಂದಿನ ಪುಟಕ್ಕೆ ಮತ್ತೆ ಮೊದಲಿಂದ. ಎಲ್ಲೂ ದೋಷದ ಸಂದೇಶವಿಲ್ಲ, ಕೆಂಪು ಅಕ್ಷರವಿಲ್ಲ. ಮೇಷ್ಟ್ರು ಹೊಸ ಪದ ಸೇರಿಸಿದಷ್ಟೂ ಮೂಟೆ ದೊಡ್ಡದಾಗುತ್ತಿತ್ತು. ಅವರ ಶ್ರಮವೇ ಅವರ ಸೈಟನ್ನು ಹಿಂದಕ್ಕೆಳೆಯುತ್ತಿತ್ತು ಅನ್ನುವುದು ತಿಳಿದಾಗ ನಿಜಕ್ಕೂ ಬೇಸರವಾಯಿತು.

ನಾನಾದರೆ ಹವ್ಯಾಸಿ, ದೊಡ್ಡವರಿಗೆ ಹೀಗಾಗಲಿಕ್ಕಿಲ್ಲ ಅಂದುಕೊಂಡಿರಾ? 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಹೆಚ್ಚಿನವರಿಗೆ ಸಿಗಲೇ ಇಲ್ಲ. ಅದಕ್ಕಿಂತ ಹಿಂದಿನ ನಾಲ್ಕು ವರ್ಷಗಳಲ್ಲೇ ಅಂಥ ನಿಲುಗಡೆ ಆಗಿರಲಿಲ್ಲ. ಕಾರಣ ಕ್ಯಾಶ್. ಕ್ಯಾಶ್‌ನಲ್ಲಿರುವ ತಪ್ಪು ಸೆಟ್ಟಿಂಗನ್ನು ತಾನಾಗಿಯೇ ಪತ್ತೆಹಚ್ಚಿ, ಡೇಟಾಬೇಸ್‌ನಿಂದ ಸರಿಯಾದದ್ದನ್ನು ತಂದು ತುಂಬುವ ಒಂದು ವ್ಯವಸ್ಥೆ ಅವರಲ್ಲಿತ್ತು. ಅವತ್ತು ಡೇಟಾಬೇಸ್‌ನಲ್ಲಿದ್ದ ಮೂಲ ಸೆಟ್ಟಿಂಗನ್ನೇ ಬದಲಿಸಿದರು, ಆ ಹೊಸ ಬೆಲೆಯೇ ತಪ್ಪು ಅಂತ ಈ ವ್ಯವಸ್ಥೆ ತೀರ್ಮಾನಿಸಿತು. ಎಲ್ಲ ಯಂತ್ರಗಳೂ ಒಟ್ಟಿಗೆ ಸರಿಪಡಿಸಲು ಡೇಟಾಬೇಸಿನತ್ತ ಓಡಿದವು. ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳು. ಡೇಟಾಬೇಸ್ ತತ್ತರಿಸಿ ಉತ್ತರ ಕೊಡದಾದಾಗ, ಅದನ್ನೂ "ಬೆಲೆ ತಪ್ಪು" ಅಂತಲೇ ಅರ್ಥಮಾಡಿಕೊಂಡು ಕ್ಯಾಶ್‌ನಲ್ಲಿ ಇದ್ದದ್ದನ್ನೂ ಅಳಿಸಿದವು. ಅಳಿಸಿದ್ದರಿಂದ ಮತ್ತಷ್ಟು ಪ್ರಶ್ನೆ. ಮೂಲ ತಪ್ಪು ತಿದ್ದಿದ ಮೇಲೂ ಈ ಸುಳಿ ನಿಲ್ಲಲಿಲ್ಲ. ಕೊನೆಗೆ ಸೈಟನ್ನೇ ಬಂದ್ ಮಾಡಿ, ಡೇಟಾಬೇಸ್ ಉಸಿರಾಡಿಕೊಂಡ ಮೇಲೆ ಜನರನ್ನು ನಿಧಾನವಾಗಿ ಒಳಗೆ ಬಿಟ್ಟರು.

ಊಟದ ಮನೆಯಲ್ಲಿ ಉಪ್ಪು ಖಾಲಿಯಾಯಿತೆಂದು ಬಡಿಸುವವರೆಲ್ಲ ಒಟ್ಟಿಗೆ ಉಗ್ರಾಣದ ಬಾಗಿಲಿಗೆ ನುಗ್ಗಿದರೆ ಏನಾಗುತ್ತದೆ? ಯಾರೂ ಒಳಗೆ ಹೋಗಲಾಗದು. ಒಬ್ಬನನ್ನು ಕಳಿಸಿ ಉಳಿದವರು ಸ್ವಲ್ಪ ಕಾಯುವುದು ಜಾಣತನ. ಫೇಸ್‌ಬುಕ್‌ನ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ ಒಂದು ಉಪಾಯ ಇದೇ. ಕ್ಯಾಶ್‌ನಲ್ಲಿ ಇಲ್ಲದ್ದನ್ನು ಹಲವರು ಕೇಳಿದರೆ ಒಬ್ಬರಿಗೆ ಮಾತ್ರ ಡೇಟಾಬೇಸಿಗೆ ಹೋಗುವ ಚೀಟಿ, ಉಳಿದವರಿಗೆ ತುಸು ನಿಲ್ಲಿ ಎಂಬ ಸೂಚನೆ. ಇಂಥ ನೂಕುನುಗ್ಗಲಾಗುವ ಗಂಟುಗಳ ಮೇಲೆ ಪರೀಕ್ಷಿಸಿದಾಗ ಡೇಟಾಬೇಸಿನ ಮೇಲಿನ ಗರಿಷ್ಠ ಹೊರೆ ಸೆಕೆಂಡಿಗೆ 17,000 ಪ್ರಶ್ನೆಗಳಿಂದ 1,300ಕ್ಕೆ ಇಳಿಯಿತಂತೆ.

ಈ ಅರುವತ್ತು ವರ್ಷದ ಕತೆಯಲ್ಲಿ ನನಗೆ ಕಂಡದ್ದು ಒಂದೇ. ಕ್ಯಾಶ್ ಅಂದರೆ ವೇಗವಲ್ಲ, ಊಹೆ. ಹತ್ತಿರ ಇರುತ್ತದೆ, ಬೇಕಾದದ್ದು ಹಿಡಿಸುತ್ತದೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಸಿಗದೇ ಹೋದಾಗ ಎಲ್ಲರೂ ಒಟ್ಟಿಗೆ ಉಗ್ರಾಣಕ್ಕೆ ನುಗ್ಗುವುದಿಲ್ಲ... ಇಷ್ಟೂ ಊಹೆ ನಿಜವಾದರೆ ಮಾತ್ರ ವೇಗ. ಒಂದು ಸುಳ್ಳಾದರೂ ಸಾಕು, ಅದು ದಾರಿಯಲ್ಲಿ ಇನ್ನೊಂದು ಗೇಟು, ಅಷ್ಟೇ.

ಊಹೆ ನಿಜವೋ ಸುಳ್ಳೋ ಅಂತ ತಿಳಿಯುವ ದಾರಿಯೂ ಹಳೆಯದೇ, ಬೆಲಾಡಿ ಮಾಡಿದ್ದೂ ಫಿಟ್ಜ್‌ಪ್ಯಾಟ್ರಿಕ್ ಮಾಡಿದ್ದೂ ಅದನ್ನೇ: ಎಣಿಸುವುದು. ಮೆಮ್‌ಕ್ಯಾಶ್ಡ್ ಆಗಲಿ ರೆಡಿಸ್ ಆಗಲಿ, ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ಸಿಗಲಿಲ್ಲ, ಎಷ್ಟನ್ನು ಹೊರಹಾಕಿತು ಎಂಬ ಲೆಕ್ಕ ತಾನೇ ಇಟ್ಟಿರುತ್ತದೆ. ನಾನು ಅದನ್ನು ನೋಡಿದ್ದು ಮೇಷ್ಟ್ರ ಫೋನು ಬಂದು ಮೂರು ದಿನದ ಮೇಲೆ. ಮೊದಲೇ ನೋಡಿದ್ದರೆ ಹತ್ತು ನಿಮಿಷದ ಕೆಲಸ.

ಕೊನೆಗೆ ಮಾಡಿದ್ದು ಇಷ್ಟು. ಮೆಮ್‌ಕ್ಯಾಶ್ಡ್ ಅನ್ನು ನಮ್ಮ ಸರ್ವರ್‌ಗೇ ತಂದೆ. ಪದಸೂಚಿಯನ್ನು ಸೆಟ್ಟಿಂಗುಗಳ ಗಂಟಿನಿಂದ ಬಿಡಿಸಿ ಅದರದೇ ಟೇಬಲ್‌ನಲ್ಲಿ ಇಟ್ಟೆ. ಅಂದ ಹಾಗೆ, 2024ರ ಜುಲೈನಲ್ಲಿ ಬಂದ ವರ್ಡ್‌ಪ್ರೆಸ್ 6.6ರಿಂದ ಈಚೆಗೆ, ಪ್ಲಗಿನ್ ಬರೆದವರು ಹೀಗೇ ಬೇಕೆಂದು ಹೇಳದಿದ್ದರೆ, ತೀರಾ ದೊಡ್ಡ ಸೆಟ್ಟಿಂಗುಗಳು ಆ ಗಂಟಿಗೆ ಸೇರುವುದಿಲ್ಲ. ಹಳೆಯ ಸೈಟುಗಳಲ್ಲಿ ಮೊದಲೇ ಸೇರಿಕೊಂಡದ್ದನ್ನು ಮಾತ್ರ ನಾವೇ ಹುಡುಕಿ ತೆಗೆಯಬೇಕು.

ಮೊನ್ನೆ ಮೇಷ್ಟ್ರು ಮತ್ತೆ ಫೋನ್ ಮಾಡಿದ್ದರು. ಸೈಟಿನ ವೇಗದ ಬಗ್ಗೆ ಒಂದು ಮಾತೂ ಇಲ್ಲ. ಪಕ್ಕದೂರಿನ ಅಜ್ಜಿಯೊಬ್ಬರು ಹನ್ನೊಂದು ಹೊಸ ಪದ ಕೊಟ್ಟಿದ್ದಾರೆ, ಯಾವಾಗ ಸೇರಿಸ್ತೀಯ ಮಾರಾಯ ಅಂತ ಕೇಳಿದರು. ವೇಗದ ಮಾತೇ ಬರಲಿಲ್ಲ ಅಂದರೆ ವೇಗ ಸರಿಯಾಗಿದೆ ಅಂತ ಅರ್ಥ, ಅಲ್ಲವೇ?

ಈ ಭಾನುವಾರ ಆ ಹನ್ನೊಂದು ಪದಗಳನ್ನು ಟೈಪಿಸಬೇಕು.